ಬಿ.ಕಾಂ.ಗೆ ನಾಲ್ಕನೇ ವರ್ಷ: ಒಹಾಯೊ ಕೊಟ್ಟ ಉತ್ತರ

ರಾಜ್ಯ ಶಿಕ್ಷಣ ನೀತಿ ಆಯೋಗ ಅಂತಿಮ ವರದಿ ಒಪ್ಪಿಸಿದ ಮೇಲೂ ಪದವಿಗೆ ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಜಗಳ ನಿಂತಿಲ್ಲ. ನಾಲ್ಕನೇ ವರ್ಷದ ಪರ ಬರೆಯುವವರು ಪದೇ ಪದೇ ಹೇಳುವುದು ಒಂದೇ ಮಾತು: ಮೂರೇ ವರ್ಷ ಓದಿದ ನಮ್ಮ ಮಕ್ಕಳಿಗೆ ಹೊರದೇಶದಲ್ಲಿ, ಹೊರದೇಶದ ಕಂಪನಿಗಳಲ್ಲಿ ಬೆಲೆಯಿಲ್ಲ. ವಿಜ್ಞಾನದ ಪದವಿಗಳ ಬಗ್ಗೆ ಅವರ ವಾದ ಏನೇ ಇರಲಿ, ಲೆಕ್ಕಶಾಸ್ತ್ರ ಓದುವ ಬಿ.ಕಾಂ. ವಿದ್ಯಾರ್ಥಿಗಳ ಮಟ್ಟಿಗೆ ಅದು ತಪ್ಪು. ಅದು ತಪ್ಪೆಂದು ತೀರ್ಮಾನವಾಗಿರುವುದು ಅವರು ಬೆರಳು ತೋರಿಸುವ ಅಮೆರಿಕದಲ್ಲೇ.

ಈ ಚರ್ಚೆಯಲ್ಲಿ ಯಾರೂ ಎತ್ತದ ಸಂಖ್ಯೆ 150. ಅಮೆರಿಕದ ಪದವಿ 120 ಕ್ರೆಡಿಟ್‌ಗಳದ್ದು. ಅಲ್ಲಿ ಪರವಾನಗಿ ಪಡೆದ ಲೆಕ್ಕಪರಿಶೋಧಕ (ಸಿಪಿಎ) ಆಗಬೇಕಾದರೆ ಅದರ ಮೇಲೆ ಇನ್ನೂ 30 ಕ್ರೆಡಿಟ್, ಅಂದರೆ ಐದನೇ ವರ್ಷದ ಓದು ಬೇಕೆಂದು 1983ರಲ್ಲಿ ಮೊದಲು ಕಡ್ಡಾಯ ಮಾಡಿದ್ದು ಫ್ಲೋರಿಡಾ. ಮುಂದೆ ಒಂದೊಂದೇ ರಾಜ್ಯ ಅದೇ ದಾರಿ ಹಿಡಿಯಿತು. ವೃತ್ತಿಯ ಘನತೆ ಹೆಚ್ಚುತ್ತದೆ, ಗುಣಮಟ್ಟ ಏರುತ್ತದೆ ಎಂಬುದೇ ಆಗಲೂ ಕೊಟ್ಟ ಕಾರಣ. ಆ 30 ಕ್ರೆಡಿಟ್ ಯಾವ ವಿಷಯದಲ್ಲಿರಬೇಕು ಎಂಬುದನ್ನು ಮಾತ್ರ ಬಹುಪಾಲು ರಾಜ್ಯಗಳು ಹೇಳಲೇ ಇಲ್ಲ. ಆಡಿಟಿಂಗ್ ಓದಿದರೂ ಆದೀತು, ಸಂಗೀತ ಓದಿದರೂ ಆದೀತು. ಕಾನೂನು ಕೇಳಿದ್ದು ಒಂದು ವರ್ಷದ ಶುಲ್ಕ ಮತ್ತು ಒಂದು ವರ್ಷದ ಆಯುಷ್ಯವನ್ನು.

ಫಲಿತಾಂಶವನ್ನು ಸಂಶೋಧಕರು ಅಳೆದಿದ್ದಾರೆ. ಜಾನ್ ಬ್ಯಾರಿಯೋಸ್ ಅವರ ಅಧ್ಯಯನದ ಪ್ರಕಾರ ನಿಯಮ ಬಂದ ಮೇಲೆ ಪರೀಕ್ಷೆಗೆ ಕೂರುವವರ ಸಂಖ್ಯೆ ಸುಮಾರು 15%ರಷ್ಟು ಕುಸಿಯಿತು. ವೃತ್ತಿಗೆ ಬಂದವರ ಗುಣಮಟ್ಟದಲ್ಲಿ ಏರಿಕೆಯೇನೂ ಕಾಣಲಿಲ್ಲ. ಎಂಐಟಿಯ ಆ್ಯಂಡ್ರ್ಯೂ ಸದರ್ಲೆಂಡ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಕೇಳಿದರು: ಹೊರಗುಳಿದವರು ಯಾರು? ಕಪ್ಪು ಜನಾಂಗ ಸೇರಿದಂತೆ ಅಲ್ಪಸಂಖ್ಯಾತರ ಪ್ರವೇಶ 26%ರಷ್ಟು ಇಳಿದಿತ್ತು. ಉಳಿದವರಿಗಿಂತ ಅವರಿಗೆ ಬಿದ್ದ ಪೆಟ್ಟು ದೊಡ್ಡದು. ಮನೆಯಲ್ಲಿ ದುಡ್ಡಿದ್ದವರು ಐದನೇ ವರ್ಷ ಓದಿದರು, ಇಲ್ಲದವರು ಬೇರೆ ಕೆಲಸ ನೋಡಿಕೊಂಡರು.

ಒಹಾಯೊ ಸ್ಟೇಟ್‌ನಂಥ ಸಾರ್ವಜನಿಕ ವಿಶ್ವವಿದ್ಯಾಲಯವನ್ನೇ ನೋಡಿ. ಅರವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದುವ ಜಾಗ. ಅದೇ ರಾಜ್ಯದ ವಿದ್ಯಾರ್ಥಿಗೂ ವರ್ಷಕ್ಕೆ ಬೋಧನಾ ಶುಲ್ಕವೇ ಸುಮಾರು 13 ಸಾವಿರ ಡಾಲರ್. ಊಟ, ಬಾಡಿಗೆ ಬೇರೆ. ಸಾಲ ಮಾಡಿ ಓದುವ ಹುಡುಗಿಗೆ ಐದನೇ ವರ್ಷ ಎಷ್ಟು ಭಾರ ಎಂದು ಲೆಕ್ಕ ಹಾಕುವುದು ಕಷ್ಟವೇನಲ್ಲ. ಒಹಾಯೊ ಶಾಸನಸಭೆ ಆ ಲೆಕ್ಕ ಹಾಕಿತು. 2025ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಸಹಿ ಹಾಕಿದ ಕಾನೂನು 2026ರ ಜನವರಿ 1ರಿಂದ ಜಾರಿಯಲ್ಲಿದೆ. ಪದವಿ ಇದ್ದು, ಎರಡು ವರ್ಷ ಕೆಲಸ ಮಾಡಿ, ಪರೀಕ್ಷೆ ಪಾಸಾದರೆ ಸಾಕು. ಐದನೇ ವರ್ಷ ಕಡ್ಡಾಯವಲ್ಲ. ಟೆಕ್ಸಸ್, ಇಲಿನಾಯ್, ಕ್ಯಾಲಿಫೋರ್ನಿಯ ಸೇರಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥದೇ ಕಾನೂನು ಮಾಡಿವೆ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆದ ಪ್ರಯೋಗವನ್ನು ಮಾಡಿದವರೇ ಕೈಬಿಡುತ್ತಿರುವಾಗ ನಾವು ಅದನ್ನು ಮಾದರಿ ಎಂದು ಎತ್ತಿಕೊಳ್ಳಬೇಕೇ?

ವಾದಕ್ಕೊಂದು ಮರುವಾದವಿದೆ, ಅದು ಹಗುರವಾದದ್ದೂ ಅಲ್ಲ. ನಮ್ಮ ಮೂರು ವರ್ಷದ ಬಿ.ಕಾಂ. ಅನ್ನು ಅಮೆರಿಕದ ಮೌಲ್ಯಮಾಪಕರು ಸಾಮಾನ್ಯವಾಗಿ ವರ್ಷಕ್ಕೆ 30ರಂತೆ 90 ಕ್ರೆಡಿಟ್ ಎಂದು ಎಣಿಸುತ್ತಾರೆ. ಬೆಂಗಳೂರಿನ ಜಾಗತಿಕ ಕಂಪನಿಗಳಲ್ಲಿ ಸಿಪಿಎಗೆ ಬೇಡಿಕೆ ಇದೆ, ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಸಿಪಿಎ ಆಗಲು 90 ಸಾಲದು ಎಂಬುದು ನಿಜ. ಹಾಗಾದರೆ ಅದೇ ಲೆಕ್ಕವನ್ನು ಮುಂದುವರಿಸಿ: ರಾಜ್ಯ ಶಿಕ್ಷಣ ನೀತಿ ಆಯೋಗ ಹೇಳಿದ 3+2ರಲ್ಲಿ ಮೂರು ವರ್ಷದ ಬಿ.ಕಾಂ. ಜೊತೆಗೆ ಎರಡು ವರ್ಷದ ಎಂ.ಕಾಂ. ಸೇರಿದರೆ 150. ಸಿಪಿಎ ಬೇಕಾದವರಿಗೆ ದಾರಿ ಇದ್ದೇ ಇದೆ. ಆ ಕೆಲವರಿಗಾಗಿ ಹರಪನಹಳ್ಳಿಯಿಂದ, ಹುಣಸೂರಿನಿಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬರುವ ಎಲ್ಲರ ತಲೆಯ ಮೇಲೆ ಇನ್ನೊಂದು ವರ್ಷ ಹೇರುವುದು ಅನ್ಯಾಯ. ಅವಧಿ ಹಿಗ್ಗಿಸುವುದಿರಲಿ, ನಮ್ಮ ಲೆಕ್ಕಪರಿಶೋಧಕರ ಸಂಸ್ಥೆಯೇ 2023ರಲ್ಲಿ ಸಿಎ ಆರ್ಟಿಕಲ್‌ಶಿಪ್ ಅನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿತು. 55% ಅಂಕವಿರುವ ವಾಣಿಜ್ಯ ಪದವೀಧರರು ಫೌಂಡೇಷನ್ ಪರೀಕ್ಷೆ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು.

ಆದ್ದರಿಂದ 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷಕ್ಕೆ ಮರಳಿದ್ದು ಸರಿ. ಆದರೆ ಸರ್ಕಾರ ಅರ್ಧ ಕೆಲಸವನ್ನಷ್ಟೇ ಮಾಡಿದೆ. ಒಹಾಯೊ ಓದಿನ ವರ್ಷವನ್ನು ತೆಗೆದಲ್ಲಿ ಕೆಲಸದ ವರ್ಷವನ್ನು ಇಟ್ಟಿತು. ನಾವು ತೆಗೆದ ಜಾಗದಲ್ಲಿ ಹೆಚ್ಚೇನೂ ಇಡಲಿಲ್ಲ. ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಬಿ.ಕಾಂ. ಶುರುವಾಗಿದೆ, ಒಳ್ಳೆಯದು. ಉಳಿದ ಕಾಲೇಜುಗಳ ಸಾಮಾನ್ಯ ಬಿ.ಕಾಂ. ವಿದ್ಯಾರ್ಥಿ ಈಗಲೂ ಜರ್ನಲ್ ಎಂಟ್ರಿಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತಾನೆ. ಲೆಕ್ಕ ಇಡುವ ತಂತ್ರಾಂಶ ಟ್ಯಾಲಿ ಹುಟ್ಟಿದ್ದು ಬೆಂಗಳೂರಿನ ಕಂಪನಿಯಲ್ಲಿ. ಅದನ್ನು ಕಲಿಯಲು ಅವನು ಪದವಿ ಮುಗಿಸಿ ಬಸ್‌ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಸೆಂಟರಿಗೆ ದುಡ್ಡು ಕಟ್ಟುತ್ತಾನೆ. ಕಾಲೇಜಿನಲ್ಲಿ ಪಾಠ ಮಾಡುವವರಲ್ಲಿ ಬಹಳಷ್ಟು ಜನ ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ತಾವಿರುತ್ತೇವೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು. ಈ ಸ್ಥಿತಿಯಲ್ಲಿ ನಾಲ್ಕನೇ ವರ್ಷ ಕೊಟ್ಟಿದ್ದರೂ ಅದೇ ಪಾಠ ಇನ್ನೊಂದು ವರ್ಷ ಎಳೆಯುತ್ತಿತ್ತು, ಅಷ್ಟೆ.

ತಾಲ್ಲೂಕು ಕೇಂದ್ರದಲ್ಲಿ ಕೆಲಸ ಕಲಿಸುವವರು ಎಲ್ಲಿದ್ದಾರೆ ಎಂದು ಕೇಳುವವರು ಆ ಊರುಗಳಲ್ಲಿ ಒಮ್ಮೆ ಸುತ್ತಾಡಲಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಿದೆ, ಅದಕ್ಕೆ ಪ್ರತಿವರ್ಷ ಆಡಿಟ್ ಆಗಬೇಕು. ಎಪಿಎಂಸಿ ಮಂಡಿಗಳಿವೆ. ಪಂಚತಂತ್ರ ತಂತ್ರಾಂಶದಲ್ಲಿ ಲೆಕ್ಕ ಇಡುವ ಗ್ರಾಮ ಪಂಚಾಯಿತಿಗಳಿವೆ, ಖಜಾನೆ ಇದೆ. ಪ್ರತಿ ತಿಂಗಳ ಗಡುವು ಹತ್ತಿರವಾದಂತೆ ಜಿಎಸ್‌ಟಿ ರಿಟರ್ನ್ ತುಂಬಲು ಕೈ ಸಾಲದೆ ಪರದಾಡುವ ತೆರಿಗೆ ಸಲಹೆಗಾರರ ಕಚೇರಿಗಳಿವೆ. ಬಿಲ್ಲು, ವೋಚರು, ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡುತ್ತ ಆರು ತಿಂಗಳು ಕುಳಿತ ವಿದ್ಯಾರ್ಥಿಗೆ ಅಡಾವೆ ಪತ್ರಿಕೆ ಎಂದರೇನೆಂದು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.

ಉನ್ನತ ಶಿಕ್ಷಣ ಇಲಾಖೆ ಮಾಡಬೇಕಾದದ್ದು ಇಷ್ಟು: ಎಲ್ಲ ಸರ್ಕಾರಿ ಕಾಲೇಜುಗಳ ಬಿ.ಕಾಂ.ನ ಆರನೇ ಸೆಮಿಸ್ಟರನ್ನು ಪೂರ್ತಿಯಾಗಿ ಇಂಥ ಕೆಲಸಕ್ಕೆ ಬಿಟ್ಟುಕೊಡಲಿ, ಅದಕ್ಕೆ ಅಂಕ ಕೊಡಲಿ, ಶಿಷ್ಯವೇತನ ಕೊಡಿಸಲಿ. ವೇತನವಿಲ್ಲದ ತರಬೇತಿಗೆ ಬಡವರ ಮಕ್ಕಳು ಬರಲಾರರು. ಬಂದರೂ ಅರ್ಧಕ್ಕೆ ಬಿಡುತ್ತಾರೆ. ಅಪ್ರೆಂಟಿಸ್‌ಶಿಪ್ ಯೋಜನೆಯಡಿ ಶಿಷ್ಯವೇತನದಲ್ಲಿ ಕೇಂದ್ರದ ಪಾಲೂ ಸಿಗುತ್ತದೆ. ಉಳಿದದ್ದನ್ನು ರಾಜ್ಯ ಭರಿಸಲಿ. ಮುಂದಿನ ಬಜೆಟ್ಟಿನಲ್ಲೇ ಅದಕ್ಕೆ ಹಣ ಇಡಬೇಕು.