ಹಿತ್ತಿಲ ಮಾತು: ಬೀಜಕ್ಕೂ ಬೆಚ್ಚಗಿರಬೇಕು

ಪರವೂರಿನಲ್ಲಿ ಸಂಸಾರ ಹೂಡಿದ ನಮಗೆಲ್ಲ ಊರಿನಿಂದ ಬಂದ ಬೀಜವೆಂದರೆ ಬಂಗಾರಕ್ಕೆ ಸಮಾನ. ಕಳೆದ ಸಂಕ್ರಾಂತಿಗೆ ಎಳ್ಳುಬೆಲ್ಲದೊಡನೆ ತವರಿನಿಂದ ಅತ್ತಿಗೆಯವರು ಮೂವತ್ತು ಕಲ್ಲಂಗಡಿ ಬೀಜ ಕಳುಹಿಸಿದ್ದರು. ನಮ್ಮ ಕಡೆ ಬಿತ್ತುವ ಕಾಲ ಇದೇ ಅಲ್ಲವೆ ಎಂದು, ದೆಹಲಿಯ ನಮ್ಮ ಪುಟ್ಟ ಹಿತ್ತಿಲಿನಲ್ಲಿ ಆ ವಾರವೇ ಇಪ್ಪತ್ತನ್ನು ಊರಿ, ದಿನಕ್ಕೆರಡು ಬಾರಿ ನೀರೆರೆದೆವು. ಮೂರು ವಾರವಾದರೂ ಮೊಳಕೆಯ ಸುಳಿವಿಲ್ಲ. ಕೆದಕಿ ನೋಡಿದರೆ ಬೀಜಗಳೆಲ್ಲ ಕೊಳೆತು ಮೆತ್ತಗಾಗಿದ್ದವು. "ಹಳೆಯ ಬೀಜ ಕಳುಹಿಸಿದಿರೇನು?" ಎಂದು ಅತ್ತಿಗೆಯವರನ್ನು ಕೇಳಿದ್ದೂ ಆಯಿತು.

ತಪ್ಪು ಬೀಜದ್ದಲ್ಲ, ನಮ್ಮದು. ಕಲ್ಲಂಗಡಿ ಆಫ್ರಿಕದ ಬಿಸಿ ನಾಡಿನ ಬಳ್ಳಿ. ಮಣ್ಣಿನ ಉಷ್ಣತೆ 16 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿದ್ದರೆ ಅದರ ಬೀಜ ಕಣ್ಣು ಬಿಡುವುದೇ ಕಷ್ಟ. 20 ಡಿಗ್ರಿಯಲ್ಲಿ ಮೊಳೆತು ಮೇಲೆ ಬರಲು ಸುಮಾರು ಹನ್ನೆರಡು ದಿನ ಬೇಕು, 25ರಲ್ಲಿ ಐದು ದಿನ, 30ರಲ್ಲಿ ನಾಲ್ಕು, 35ರಲ್ಲಿ ಮೂರೇ ದಿನ. 40 ದಾಟಿದರೆ ಅದೂ ಸಲ್ಲದು. ಬೀಜ ತಣ್ಣನೆಯ ಮಣ್ಣಿನಲ್ಲೂ ನೀರು ಕುಡಿದು ಉಬ್ಬುತ್ತದೆ. ಆದರೆ ಒಳಗಿನ ಆಹಾರವನ್ನು ಕರಗಿಸಿ ಮೊಳಕೆಗೆ ಉಣಿಸುವ ಕೆಲಸ ಸಾಗುವುದಿಲ್ಲ. ಅಷ್ಟರಲ್ಲಿ ಬೂಷ್ಟು ಬಂದು ಮುತ್ತುತ್ತದೆ. ಬೆಂಗಳೂರಿನ ಜನವರಿಯ ರಾತ್ರಿ 15-16 ಡಿಗ್ರಿ, ಹಗಲು 27-28. ದೆಹಲಿಯ ರಾತ್ರಿಯಾದರೋ 7-8 ಡಿಗ್ರಿ! ಅದರ ಮೇಲೆ ನಾವು ಎರಡು ಹೊತ್ತು ನೀರು ಸುರಿದು, ಇದ್ದ ಅಲ್ಪಸ್ವಲ್ಪ ಬಿಸಿಯನ್ನೂ ತೆಗೆದೆವು.

ಉಳಿದ ಹತ್ತು ಬೀಜಗಳನ್ನು ಮಾರ್ಚಿಯವರೆಗೆ ಜೋಪಾನವಾಗಿಟ್ಟೆವು. ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟೆವು. ಬಿಳಿಯ ಮೊಳಕೆ ಇಣುಕಿದೊಡನೆ, ಬಿಸಿಲು ಬೀಳುವ ಕಡೆ ಬೆರಳಗಲದ ಆಳದಲ್ಲಿ ಊರಿ, ಹದವಾಗಿ ಮಾತ್ರ ನೀರು ಕೊಟ್ಟೆವು. ಎಂಟು ಸಸಿಗಳು ಎದ್ದು ನಿಂತವು.

ಮುಂಬಯಿ, ಮದರಾಸಿನ ಕಡೆಯ ನಮ್ಮ ಬಂಧುಗಳಿಗೆ ಈ ಚಳಿಯ ಕಾಟವಿಲ್ಲ. ಉತ್ತರದಲ್ಲಿರುವವರು ಮಾತ್ರ ಊರಿನ ತಿಂಗಳನ್ನು ನಂಬದೆ, ಇಲ್ಲಿನ ಮಣ್ಣನ್ನು ಕೇಳಿ ಬಿತ್ತಬೇಕು. ಬೆಳಗ್ಗೆ ಎರಡು ಬೆರಳಾಳ ಮಣ್ಣಿನಲ್ಲಿ ಉಷ್ಣಮಾಪಕ ಇಟ್ಟು, 20 ಡಿಗ್ರಿ ದಾಟಿದೆಯೆ ನೋಡಿರಿ. ಜ್ವರ ನೋಡುವ ಕಡ್ಡಿ ಇದಕ್ಕೆ ಬಾರದು. ಅದರ ಲೆಕ್ಕ ಶುರುವಾಗುವುದೇ ಸುಮಾರು 35ರಿಂದ.

ಜೂನಿನಲ್ಲಿ ಮೊದಲ ಹಣ್ಣು ಕೊಯ್ದ ದಿನ ಅತ್ತಿಗೆಯವರಿಗೆ ತಪ್ಪೊಪ್ಪಿಕೊಂಡು ಕಾಗದ ಬರೆದೆವು. ಆ ಹಣ್ಣಿನ ಬೀಜ ತೊಳೆದು ಒಣಗಿಸಿಟ್ಟಿದ್ದೇವೆ; ಈ ಸಲ ಊರಿಗೆ ಹೋಗುವಾಗ ಅವರಿಗೇ ಒಂದು ಹಿಡಿ.