ಉನ್ನತ ವ್ಯಾಸಂಗದ ವಿದ್ಯಾರ್ಥಿಗಳೂ ನಮ್ಮ ಗ್ರಾಮಗಳೂ

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗ್ರಾಮಗಳಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳು ಆಗಾಗ್ಗೆ ಬಂದು ಹೋಗುತ್ತಿರುವ ಸಂಗತಿಯು ಗ್ರಾಮದ ಯಜಮಾನರಿಗೂ ಜಮೀನ್ದಾರರಿಗೂ ತಿಳಿದೇ ಇದೆ. ಇವರು ಎಂ.ಎಸ್‌ಸಿ. ಅಥವಾ ಪಿಎಚ್.ಡಿ. ಪದವಿಗಾಗಿ ಓದತಕ್ಕವರು. ಒಬ್ಬರು ಹೊಲದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗುವರು. ಮತ್ತೊಬ್ಬರು ತೆಂಗಿನ ಗರಿಯನ್ನು ಕತ್ತರಿಸಿ ಅದರ ಅಡಿಯಲ್ಲಿರುವ ಹುಳುಗಳನ್ನು ಎಣಿಸುವರು. ಇನ್ನೊಬ್ಬರು ಅಚ್ಚುಹಾಕಿದ ಪ್ರಶ್ನಾವಳಿಯನ್ನು ತೆರೆದು, ಜಮೀನೆಷ್ಟು, ಸಾಲವೆಷ್ಟು, ದನವೆಷ್ಟು, ಯಾವ ಬೀಜ, ಯಾವ ಗೊಬ್ಬರ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವರು. ರೈತರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಜಗುಲಿಯ ಮೇಲೆ ಕುಳಿತು ಸಾವಧಾನವಾಗಿ ಉತ್ತರ ಹೇಳುತ್ತಾರೆ, ಮಜ್ಜಿಗೆಯನ್ನೂ ಕೊಡುತ್ತಾರೆ. ಆ ಬಳಿಕ ಆ ವಿದ್ಯಾರ್ಥಿಯ ಸುಳಿವಾಗಲಿ, ಆತನು ಕಂಡುಕೊಂಡ ವಿಷಯದ ಸುಳಿವಾಗಲಿ ಆ ಗ್ರಾಮಕ್ಕೆ ಇರುವುದಿಲ್ಲ.

ಗುಬ್ಬಿ ತಾಲ್ಲೂಕಿನ ಒಂದು ಗ್ರಾಮದಲ್ಲಿ ಇಂಥ ಪ್ರಶ್ನಾವಳಿಯನ್ನು ಹಿಡಿದು ಬಂದ ವಿದ್ಯಾರ್ಥಿನಿಯೊಬ್ಬರಿಗೆ ಹಿರಿಯ ರೈತರೊಬ್ಬರು ಹೇಳಿದ ಮಾತು ನನ್ನ ಕಿವಿಯಲ್ಲೇ ಬಿತ್ತು. “ಹೋದ ವರ್ಷವೂ ಒಬ್ಬ ಹುಡುಗ ಬಂದು ಇದನ್ನೇ ಕೇಳಿಕೊಂಡು ಹೋದನಮ್ಮಾ. ಅವನಿಗೆ ಗೊತ್ತಾದದ್ದೇನು ಅಂತ ನೀನು ಹೇಳು, ಮಿಕ್ಕದ್ದನ್ನು ನಾನು ಹೇಳುತ್ತೇನೆ” ಎಂದರು. ಆಕೆಗೆ ಉತ್ತರ ತಿಳಿದಿರಲಿಲ್ಲ. ಅದು ಆಕೆಯ ತಪ್ಪೂ ಅಲ್ಲ. ಹಿಂದಿನ ವರ್ಷದ ಪ್ರಬಂಧವು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು, ರಟ್ಟು ಕಟ್ಟಿಸಿಕೊಂಡು ಪುಸ್ತಕ ಭಂಡಾರದ ಬೀರುವನ್ನು ಸೇರಿತ್ತು. ಮೊದಲಲ್ಲಿ ಒಂದು ಪುಟದ ಕನ್ನಡ ಸಾರಾಂಶವನ್ನು ಲಗತ್ತಿಸಿದ್ದರೂ, ಆ ಬೀರುವಿನ ಬಳಿಗೆ ಗುಬ್ಬಿಯ ರೈತರು ಹೋಗುವುದೆಂದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಗ್ರಾಮದ ಹೊಲದಿಂದ, ಯಾವ ರೈತರ ಬಾಯಿಂದ ವಿಷಯವನ್ನು ಸಂಗ್ರಹಿಸಿದರೋ ಆ ಗ್ರಾಮಕ್ಕೆ ಮರಳಿ ಬಂದು, ತಮಗೆ ತಿಳಿದುಬಂದದ್ದನ್ನು ಅಲ್ಲಿಯ ಕನ್ನಡದಲ್ಲಿ ಅರ್ಧ ಗಂಟೆ ಹೇಳಿದ ಹೊರತು ಆ ವಿದ್ಯಾರ್ಥಿಯ ಕೆಲಸವು ಪೂರ್ತಿಯಾಯಿತೆಂದು ಎಣಿಸಬಾರದು. ಇದನ್ನು ಕೇಳಿ ಪಡೆಯತಕ್ಕ ಹಕ್ಕು ಗ್ರಾಮದ ಮುಖಂಡರಿಗೆ ಉಂಟು. ಅವರು ಕೇಳುತ್ತಿಲ್ಲವೆಂಬುದೇ ಕೊರತೆ.

ಈ ಪದ್ಧತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ವ್ಯವಸಾಯದ ಪರಿಶೋಧನೆಗಾಗಿ ದಯಪಾಲಿಸಿದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದ ಶಾಸ್ತ್ರಜ್ಞರು ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗದ ಕಾರಣವನ್ನು ಹುಡುಕಿದರು. ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುವ ರೂಢಿ ಅಲ್ಲಿನ ತೋಟಗಾರರಲ್ಲಿ ಮೊದಲೇ ಇತ್ತು. ನೀರು ತಾಗದಿದ್ದರೆ ಕೊಳೆ ಬಾರದೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ರೋಗಕ್ಕೆ ಕಾರಣ ಒಂದು ಬೂಷ್ಟಿನ ಜಾತಿಯೆಂದು ಕೋಲ್‌ಮನ್ನರು ತೋರಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚಿತವಾಗಿ ಗೊನೆಗಳಿಗೆ ಎರಚುವ ಕ್ರಮವನ್ನು ತೋಟಗಳಲ್ಲಿಯೇ ಮಾಡಿ ತೋರಿಸುವಂತೆ ಏರ್ಪಡಿಸಿದರು. ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ, ೧೦೦ ಲೀಟರು ನೀರು ಎಂಬ ಈಗಿನ ಲೆಕ್ಕವನ್ನು ಓದುಬರಹವಿಲ್ಲದ ಕೊನೆಗಾರನೂ ಬಾಯಲ್ಲಿ ಹೇಳುತ್ತಾನೆ. ಈ ವಿಷಯವು ಕೇವಲ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿ ನಿಂತಿದ್ದರೆ ಎಷ್ಟು ತೋಟಗಳು ಉಳಿಯುತ್ತಿದ್ದುವು?

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಉದಾಹರಣೆ ಉಂಟು. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ರೈತ ಮನೆತನದ ಜಮೀನಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿತ್ತು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಆ ಹಣ್ಣನ್ನು ಪರೀಕ್ಷಿಸಿ, ಅದರ ಗುಣವೇನೆಂಬುದನ್ನು ಮರಳಿ ಬಂದು ಆ ಮನೆಯವರಿಗೇ ತಿಳಿಸಿದರು. ಆ ಮನೆಯ ಹಿರಿಯರ ಹೆಸರಿನಿಂದ ತಳಿಗೆ ‘ಸಿದ್ದು’ ಎಂದು ನಾಮಕರಣವಾಗಿ, ೨೦೧೭ರಲ್ಲಿ ಕಸಿ ಗಿಡಗಳ ಮಾರಾಟದ ಬಗ್ಗೆ ಒಪ್ಪಂದವಾಯಿತು. ಬಂದ ಉತ್ಪತ್ತಿಯಲ್ಲಿ ರೈತರಿಗೆ ಪಾಲು ದೊರೆಯಿತು. ಇಲ್ಲಿ ಪರಿಶೋಧಕರು ಹಣ್ಣನ್ನು ಕೊಯ್ದುಕೊಂಡು ಹೋಗಿ ಸುಮ್ಮನಾಗಲಿಲ್ಲವೆಂಬುದನ್ನು ಗಮನಿಸಬೇಕು.

ಹೀಗಿರುವಾಗ ವಿಶ್ವವಿದ್ಯಾನಿಲಯದವರು ಗ್ರಾಮಗಳನ್ನು ಮರೆತಿದ್ದಾರೆಂದು ದೂರುವುದು ನ್ಯಾಯವಲ್ಲ. ಪ್ರತಿ ವರ್ಷ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೃಷಿ ಮೇಳ ನಡೆಯುತ್ತದೆ, ಕೊನೇಹಳ್ಳಿಯಲ್ಲಿ ಅವರದೇ ಕೃಷಿ ವಿಜ್ಞಾನ ಕೇಂದ್ರವಿದೆ, ಬಿ.ಎಸ್‌ಸಿ. ತರಗತಿಯ ಕಡೆಯ ವರ್ಷದ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ತಿಂಗಳುಗಟ್ಟಲೆ ವಾಸಮಾಡುತ್ತಾರೆ. ಇವರು ಬೀದಿಯಲ್ಲಿ ರಂಗೋಲಿಯಿಂದ ಊರಿನ ನಕ್ಷೆ ಬರೆಯುವುದನ್ನೂ, ಬೀಜೋಪಚಾರ ಮಾಡಿ ತೋರಿಸುವುದನ್ನೂ ನೀವು ಕಂಡಿದ್ದೀರಿ. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಹಳೆಯ ಪಾಠವನ್ನು ಒಪ್ಪಿಸತಕ್ಕ ಕಿರಿಯರನ್ನು ಗ್ರಾಮಕ್ಕೆ ಕಳುಹಿಸಿ ಮಾತನಾಡಿಸುತ್ತೇವೆ. ಹೊಸದಾಗಿ ಏನನ್ನಾದರೂ ಕಂಡುಹಿಡಿದ ಹಿರಿಯ ವಿದ್ಯಾರ್ಥಿಗಳ ಬಾಯಿ ಮಾತ್ರ ಪರೀಕ್ಷಕರ ಮುಂದೆ ಬಿಟ್ಟು ಬೇರೆಲ್ಲಿಯೂ ತೆರೆಯುವುದಿಲ್ಲ.

ಇದರಿಂದ ರೈತರಿಗೆ ಆಗುವ ನಷ್ಟವು ಬರಿಯ ಮಾತಿನ ನಷ್ಟವಲ್ಲ, ಹಣದ ನಷ್ಟ. ತೆಂಗಿಗೆ ಬಂದ ಸುರುಳಿ ಬಿಳಿನೊಣದ ವಿಚಾರವನ್ನು ತೆಗೆದುಕೊಳ್ಳಿ. ಈ ಕೀಟವು ನಮ್ಮ ದೇಶದಲ್ಲಿ ೨೦೧೬ರಲ್ಲಿ ಮೊದಲು ಕಾಣಿಸಿಕೊಂಡಿತು. ಗರಿಯ ಮೇಲೆಲ್ಲ ಅಂಟು ಸುರಿದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಮರವು ಮಸಿ ಬಳಿದಂತೆ ಕಾಣುವಾಗ ತೋಟದ ಯಜಮಾನರಿಗೆ ಗಾಬರಿಯಾಗುವುದು ಸಹಜ. ಪರಿಶೋಧಕರು ಕಂಡುಕೊಂಡದ್ದೇನೆಂದರೆ, ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಕಣಜವೊಂದು ಈ ನೊಣದ ಮರಿಗಳೊಳಗೆ ತತ್ತಿಯನ್ನಿಟ್ಟು ಅವುಗಳನ್ನು ಕೊಲ್ಲುತ್ತದೆ. ರಾಸಾಯನಿಕ ವಿಷವನ್ನು ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜವೇ. ಆದಕಾರಣ ವಿಷ ಹೊಡೆಯದೆ ಕಣಜವನ್ನು ಉಳಿಸಿಕೊಳ್ಳುವುದೇ ಲೇಸು. ಈ ಮಾತನ್ನು ಹೇಳಬೇಕಾದವರು ಹೇಳುವುದಕ್ಕೆ ಮುಂಚೆಯೇ ಔಷಧದ ಅಂಗಡಿಯವರು ಸೀಸೆಯನ್ನು ಕೈಗೆ ಕೊಟ್ಟಿರುತ್ತಾರೆ. ಅಂಗಡಿಯವರನ್ನು ನಾನು ಹಳಿಯುವುದಿಲ್ಲ; ಅವರು ದಿನವೂ ಬಾಗಿಲು ತೆರೆದು ಕುಳಿತು ಕನ್ನಡದಲ್ಲಿ ಮಾತನಾಡುತ್ತಾರೆ. ವಿದ್ಯಾವಂತರು ಮಾತನಾಡದೆ ಬಿಟ್ಟ ಸ್ಥಳದಲ್ಲಿ ಮಾರತಕ್ಕವರು ಮಾತನಾಡುವರು.

ಇದೇ ಸಂಬಂಧದಲ್ಲಿ ಇನ್ನೊಂದು ಮಾತು. ಅನೇಕ ಪ್ರಬಂಧಗಳ ಕೊನೆಯಲ್ಲಿ ‘ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ’ ಎಂಬ ಒಂದು ವಾಕ್ಯವಿರುತ್ತದೆ. ಇಂಥ ಫಲವನ್ನು ಹೇಳಲು ವಿದ್ಯಾರ್ಥಿಗಳು ನಾಚುತ್ತಾರೆ. ನನ್ನ ಮಟ್ಟಿಗೆ ರೈತರಿಗೆ ಅತ್ಯಂತ ಬೆಲೆಯುಳ್ಳ ವಾಕ್ಯವು ಅದೇ. ಯಾವುದೋ ಪುಡಿಯನ್ನು ಹಾಕಿದರೂ ಹಾಕದಿದ್ದರೂ ಫಸಲು ಒಂದೇ ಎಂದು ಗೊತ್ತಾದರೆ ಆ ಪುಡಿಯ ಬೆಲೆ ಮನೆಯಲ್ಲಿಯೇ ಉಳಿಯಿತಲ್ಲವೇ?

ಶಾಸ್ತ್ರದ ವಿಷಯವು ರೈತರಿಗೆ ಅರ್ಥವಾಗದೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಒಂದೇ ತಳಿಯನ್ನು ಮೂರು ನಾಲ್ಕು ತಾಕುಗಳಲ್ಲಿ ಏಕೆ ಬಿತ್ತುತ್ತಾರೆಂದು ಕೇಳಿದರೆ ವಿದ್ಯಾರ್ಥಿಯು ಸಂಖ್ಯಾಶಾಸ್ತ್ರದ ಪುಸ್ತಕವನ್ನು ತೆರೆಯುತ್ತಾನೆ. ಹೊಂಗೆಯ ಮರದ ನೆರಳು ಬೀಳುವ ಮೂಲೆಯಲ್ಲಿ ರಾಗಿ ಸೊರಗುವುದೂ, ತಿಪ್ಪೆಯಿದ್ದ ಜಾಗದಲ್ಲಿ ತೆನೆ ತೂಗುವುದೂ ರೈತರಿಗೆ ತಿಳಿದ ಸಂಗತಿ. ನೆಲದ ಈ ಪಕ್ಷಪಾತವು ಒಂದೇ ತಳಿಗೆ ಸಲ್ಲದಿರಲೆಂದು ಎಲ್ಲ ತಳಿಗಳನ್ನೂ ಚದರಿಸಿ ಹಲವು ಕಡೆ ಬಿತ್ತುತ್ತಾರೆಂದರೆ ಸಾಕು, ಒಗಟು ಬಿಡಿಸಿದಂತಾಯಿತು.

ತೊಂದರೆ ಇರುವುದು ಬಹುಮಟ್ಟಿಗೆ ಲೆಕ್ಕದ ಅಳತೆಗಳಲ್ಲಿ. ಪ್ರಬಂಧಗಳಲ್ಲಿ ಎಲ್ಲವೂ ಹೆಕ್ಟೇರಿಗೆ. ಹೆಕ್ಟೇರಿಗೆ ೩೦ ಕ್ವಿಂಟಾಲ್ ಎಂದರೆ ರೈತರು ಸುಮ್ಮನೆ ತಲೆಯಾಡಿಸುವರು. ಎಕರೆಗೆ ೧೨ ಕ್ವಿಂಟಾಲ್ ಎಂದರೆ ‘ಯಾವ ಹೊಲದಲ್ಲಿ?’ ಎಂದು ತಕ್ಷಣವೇ ಕೇಳುವರು. ಖುಷ್ಕಿ ರಾಗಿಗೆ ಶಿಫಾರಸು ಮಾಡಿರುವ ಗೊಬ್ಬರವು ಹೆಕ್ಟೇರಿಗೆ ೫೦ ಕೆ.ಜಿ. ಸಾರಜನಕ, ೪೦ ಕೆ.ಜಿ. ರಂಜಕ, ೩೭.೫ ಕೆ.ಜಿ. ಪೊಟ್ಯಾಷ್. ಹೀಗೆ ಹೇಳಿದರೆ ಯಾರು ಏನು ಮಾಡಬೇಕು? ಎಕರೆಗೆ ೩೫ ಕೆ.ಜಿ. ಡಿ.ಎ.ಪಿ., ೩೦ ಕೆ.ಜಿ. ಯೂರಿಯಾ, ೨೫ ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಚೀಲದ ಲೆಕ್ಕ ಕೈಗೆ ಬಂತು. ಈ ಭಾಗಾಕಾರಕ್ಕೆ ಐದು ನಿಮಿಷ ಸಾಕು. ಅಷ್ಟನ್ನು ವಿದ್ಯಾರ್ಥಿಯೇ ಮಾಡಿಕೊಂಡು ಬರತಕ್ಕದ್ದು.

ಭಾಷೆಯ ವಿಷಯವೂ ಹಾಗೆಯೇ. ಈ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ರೈತರ ಮಕ್ಕಳೇ. ಆದರೂ ಆರು ವರ್ಷ ವ್ಯಾಸಂಗ ಮಾಡುವಷ್ಟರಲ್ಲಿ ಕುಂಟೆ, ಕೂರಿಗೆ, ಅಕ್ಕಡಿ ಸಾಲು, ಹದ ಮಳೆ ಎಂಬ ಮಾತುಗಳು ನಾಲಗೆಯಿಂದ ಜಾರಿ, ತಾಯಿಯ ಎದುರಿಗೂ ರಾಗಿಯನ್ನು ಫಿಂಗರ್ ಮಿಲೆಟ್ ಎನ್ನುವವರನ್ನು ನಾನು ಕಂಡಿದ್ದೇನೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ೨೦೦೮ರಲ್ಲಿ ಒಂದು ಸ್ಪರ್ಧೆಯನ್ನು ಆರಂಭಿಸಿದರು. ಹಲವು ವರ್ಷಗಳ ಸಂಶೋಧನೆಯನ್ನು ಒಂದೇ ಒಂದು ಚಿತ್ರವನ್ನಿಟ್ಟುಕೊಂಡು ಮೂರು ನಿಮಿಷಗಳಲ್ಲಿ ಸಾಮಾನ್ಯ ಜನರಿಗೆ ತಿಳಿಯುವಂತೆ ಹೇಳಬೇಕೆಂಬುದು ಅದರ ನಿಯಮ. ಅದು ಈಗ ಅನೇಕ ದೇಶಗಳಿಗೆ ಹರಡಿದೆ. ನಮ್ಮ ಕಡೆ ಮೂರು ನಿಮಿಷ ಪೀಠಿಕೆಗೇ ಸಾಲದು. ಮೇಲಾಗಿ ನಮ್ಮ ಕೇಳುಗರು ಬಹುಮಾನ ಕೊಟ್ಟು ಮನೆಗೆ ಹೋಗತಕ್ಕವರಲ್ಲ, ಕೇಳಿದ್ದನ್ನು ಹೊಲದಲ್ಲಿ ಬಿತ್ತತಕ್ಕವರು. ಆದರೂ ಹೇಳುವ ವಿದ್ಯೆಯನ್ನು ಅಭ್ಯಾಸ ಮಾಡಿ ಕಲಿಯಬೇಕೆಂಬ ಅವರ ವಿಚಾರವು ಗ್ರಾಹ್ಯವಾದದ್ದು.

ಈಗ ಒಂದು ಗಂಭೀರವಾದ ಆಕ್ಷೇಪಕ್ಕೆ ಬರುತ್ತೇನೆ. ಒಬ್ಬ ವಿದ್ಯಾರ್ಥಿಯು ಒಂದೆರಡು ಫಸಲುಗಳಲ್ಲಿ, ಕೆಲವು ವೇಳೆ ಬರಿಯ ಕುಂಡಗಳಲ್ಲಿ ಕಂಡದ್ದನ್ನು ಊರಿಗೆಲ್ಲ ಸಾರಿದರೆ, ಅದನ್ನು ನಂಬಿ ರೈತರು ಕೆಟ್ಟಾರು ಎಂದು ನನ್ನ ಮೇಲಧಿಕಾರಿಗಳಲ್ಲಿ ಕೆಲವರು ಹೇಳುತ್ತಾರೆ. ಹಲವು ಸ್ಥಳಗಳಲ್ಲಿ ಪರೀಕ್ಷೆಯಾಗದೆ ಯಾವುದನ್ನೂ ಶಿಫಾರಸು ಮಾಡಕೂಡದೆಂಬ ನಿಯಮವು ಸರಿಯಾದದ್ದೇ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಶಿಫಾರಸು ಬೇರೆ, ಸಮಾಚಾರ ಬೇರೆ. ‘ಈ ವರ್ಷ, ಈ ಕೆಂಪು ಮಣ್ಣಿನಲ್ಲಿ, ಇಷ್ಟು ಮಳೆಗೆ ಹೀಗಾಯಿತು, ಇನ್ನೂ ಪರೀಕ್ಷೆಯಾಗಬೇಕು, ನೀವು ಈಗಲೇ ಮಾಡಬೇಡಿ’ ಎಂದು ಹೇಳಿದರೆ ಯಾವ ರೈತರೂ ಮೋಸಹೋಗುವುದಿಲ್ಲ. ನೆರೆಯವರ ಹೊಲವನ್ನು ಮೂರು ವರ್ಷ ನೋಡಿ ಆಮೇಲೆ ಬೀಜವನ್ನು ಬದಲಿಸುವ ಜನ ಇವರು.

ಹೇಳುವುದರಿಂದ ವಿದ್ಯಾರ್ಥಿಗೂ ಲಾಭವುಂಟು. ಕುಣಿಗಲ್ ಕಡೆಯ ಒಂದು ಗ್ರಾಮದಲ್ಲಿ ರಾಗಿ ತಳಿಗಳ ಮೇಲೆ ಕೆಲಸ ಮಾಡಿದ್ದ ತರುಣರೊಬ್ಬರು ಶಾಲೆಯ ಅಂಗಳದಲ್ಲಿ ತಮ್ಮ ಫಲಿತಾಂಶವನ್ನು ಹೇಳಿದರು. ಕಾಳಿನ ಇಳುವರಿಯ ಮಾತು ಮುಗಿಯುತ್ತಲೂ ಹಿಂದೆ ಕುಳಿತಿದ್ದ ಮುದುಕಿಯೊಬ್ಬರು, “ಹುಲ್ಲು ಎಷ್ಟು ಬಂತಪ್ಪಾ? ದನ ಅದನ್ನು ತಿಂದವೋ ಬಿಟ್ಟವೋ?” ಎಂದು ಕೇಳಿದರು. ಹುಲ್ಲನ್ನು ತೂಗಿದ್ದರು, ದನಗಳ ಮುಂದೆ ಹಾಕಿ ನೋಡಿರಲಿಲ್ಲ. ಬೇಸಗೆಯಲ್ಲಿ ರಾಗಿ ಹುಲ್ಲಿನ ಬಣವೆಯನ್ನೇ ನಂಬಿರುವ ಮನೆಯಲ್ಲಿ ತಳಿಯ ಹಣೆಬರಹವು ಆ ಪ್ರಶ್ನೆಯಿಂದಲೇ ತೀರ್ಮಾನವಾಗತಕ್ಕದ್ದು. ಆ ತರುಣರು ಅದನ್ನು ಬರೆದುಕೊಂಡರು. ಪರೀಕ್ಷಕರು ಈ ಪ್ರಶ್ನೆಯನ್ನು ಕೇಳುತ್ತಿದ್ದರೆಂದು ನನಗೆ ತೋರುವುದಿಲ್ಲ.

ಗ್ರಾಮದ ಯಜಮಾನರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಇನ್ನು ಮೇಲೆ ಯಾವ ವಿದ್ಯಾರ್ಥಿಯು ಬಂದರೂ ಆದರದಿಂದ ಸಹಾಯಮಾಡಿರಿ. ಆದರೆ ಪಂಚಾಯಿತಿಯಲ್ಲಿ ಒಂದು ಪುಸ್ತಕವನ್ನಿಟ್ಟು, ಅವರ ಹೆಸರು, ವಿಷಯ, ಮಾರ್ಗದರ್ಶಕರ ಹೆಸರು, ಮರಳಿ ಬಂದು ಹೇಳುವ ತಿಂಗಳು ಇವಿಷ್ಟನ್ನು ಅವರ ಕೈಯಿಂದಲೇ ಬರೆಯಿಸಿಕೊಳ್ಳಿರಿ. ಗಡುವು ಮೀರಿದರೆ ಮಾರ್ಗದರ್ಶಕರಿಗೆ ಒಂದು ಕಾಗದವನ್ನು ಹಾಕಿರಿ. ಬಂದ ದಿನ ಹಾರ, ತುರಾಯಿ, ಸ್ವಾಗತ ಭಾಷಣಗಳಲ್ಲಿ ಹೊತ್ತು ಕಳೆಯಬೇಡಿರಿ. ಹೆಂಗಸರನ್ನು ಅವಶ್ಯವಾಗಿ ಕರೆಯಿರಿ, ಏಕೆಂದರೆ ಬೀಜವನ್ನು ಆರಿಸಿ ಇಡತಕ್ಕವರೂ ಕಳೆ ಕೀಳತಕ್ಕವರೂ ಅವರೇ. ಗೇಣಿದಾರರನ್ನೂ ಕೂಲಿಯವರನ್ನೂ ಹೊರಗೆ ನಿಲ್ಲಿಸಬೇಡಿರಿ.

ತುಮಕೂರು ಪಟ್ಟಣದ ಮಟ್ಟಿಗೆ ಶಿರಾ ಗೇಟು ಇದಕ್ಕೆ ತಕ್ಕ ಸ್ಥಳವೆಂದು ನನ್ನ ಎಣಿಕೆ. ಶಿರಾ, ಮಧುಗಿರಿಗಳ ಕಡೆಗೆ ಹೋಗುವ ರೈತರು ಬಸ್ಸಿಗಾಗಿ ಅಲ್ಲಿ ಕಾಯುತ್ತಾರೆ. ಅಂತರಸನಹಳ್ಳಿಯ ಮಾರುಕಟ್ಟೆಗೆ ತರಕಾರಿ ತಂದವರು ಬೆಳಗ್ಗೆ ಮಾಲು ಮಾರಿ ಆ ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಸಭಾಂಗಣಕ್ಕೆ ಬನ್ನಿರೆಂದು ಅವರನ್ನು ಕರೆಯುವುದಕ್ಕಿಂತ ಅವರು ನಿಂತಲ್ಲಿಗೆ ವಿದ್ಯಾರ್ಥಿಯನ್ನು ಕಳುಹಿಸುವುದು ಸುಲಭ. ಒಂದು ಮೇಜು, ನಾಲ್ಕು ತೆನೆ, ರೋಗ ಹತ್ತಿದ ಒಂದು ಗರಿ, ಕೈಭೂತಗನ್ನಡಿ ಇದ್ದರೆ ಸಾಕು. ತಿಂಗಳಿಗೆ ಒಂದು ಬೆಳಗ್ಗೆ, ಒಬ್ಬ ವಿದ್ಯಾರ್ಥಿ, ಒಂದು ವಿಷಯ.

ಕಾಲವನ್ನೂ ನೋಡಿಕೊಳ್ಳಬೇಕು. ಬಿತ್ತನೆ, ಕೊಯಿಲುಗಳ ದಿನಗಳಲ್ಲಿ ಯಾರಿಗೂ ಪುರಸತ್ತಿಲ್ಲ. ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದ ಮೇಲೆ, ಯುಗಾದಿಗೆ ಮುಂಚೆ, ರೈತರಿಗೂ ಬಿಡುವುಂಟು. ಮುಂದಿನ ಮುಂಗಾರಿಗೆ ಯಾವ ಬೀಜವನ್ನು ತರಬೇಕೆಂಬ ಯೋಚನೆಯೂ ಆಗಲೇ ಹುಟ್ಟುವುದು. ಈ ಅವಧಿಯಲ್ಲಿ ವಿದ್ಯಾರ್ಥಿಗಳನ್ನು ಕರೆಯಿಸಲು ಇಚ್ಛಿಸುವ ಗ್ರಾಮಗಳವರು ಬೆಳೆಯ ಹೆಸರನ್ನೂ, ತಮಗೆ ಬೇಕಾದ ವಿಷಯವನ್ನೂ ಬರೆದು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಮಾರ್ಗಶಿರ ಮಾಸದೊಳಗಾಗಿ ತಲುಪಿಸಿದರೆ, ವಿಶ್ವವಿದ್ಯಾನಿಲಯದವರಿಗೆ ಬರೆದು ದಿನವನ್ನು ಗೊತ್ತುಮಾಡಿಸಲು ಅನುಕೂಲವಾಗುವುದು.