ಮಗು ಬಿದ್ದಾಗ ನಡೆಯುವ ವಿಚಾರಣೆ

ಆಗತಾನೇ ನಡೆಯಲು ಕಲಿತ ಮಗು ಮಂಚದಿಂದಲೋ ಮೆಟ್ಟಿಲಿನಿಂದಲೋ ಬಿದ್ದರೆ ನಮ್ಮ ಮನೆಗಳಲ್ಲಿ ಮೊತ್ತಮೊದಲು ಹುಟ್ಟುವ ಪ್ರಶ್ನೆ ಯಾವುದೆಂಬುದನ್ನು ಓದುಗರೆಲ್ಲರೂ ಬಲ್ಲಿರಿ. ಅದು "ನೀನೆಲ್ಲಿ ಹೋಗಿದ್ದೆ?" ಎಂಬ ಪ್ರಶ್ನೆ. ಮಗುವಿನ ತಾಯಿಗೆ ಅತ್ತೆಯವರು ಕೇಳುತ್ತಾರೆ, ದೂರವಾಣಿಯಲ್ಲಿ ಗಂಡ ಕೇಳುತ್ತಾನೆ, ಅಳು ಕೇಳಿ ಓಡಿಬಂದ ನೆರೆಮನೆಯವರೂ ಕೇಳುತ್ತಾರೆ. ಪೆಟ್ಟು ಎಲ್ಲಿ ತಗಲಿತು, ಬಿದ್ದು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬ ಗಾದೆಯುಂಟು. ಇಲ್ಲಿ ಬಿದ್ದದ್ದು ಮಗು, ಕಲ್ಲು ಮಾತ್ರ ತಾಯಿಗೆ.

ಈ ಪದ್ಧತಿಯನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಅದು ತಾಯಿಯ ಪಾಲಿಗೆ ಕ್ರೂರವೆಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ಅದು ಮಗುವಿನ ಜೀವಕ್ಕೇ ಅಪಾಯ ತರಬಲ್ಲದು ಎಂಬುದು.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾದ್ದರಿಂದ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಅಡಿ ಎತ್ತರದ ಮಂಚದಿಂದ ಬಿದ್ದ ವಸ್ತು ನೆಲ ಮುಟ್ಟಲು ಸುಮಾರು 0.35 ಸೆಕೆಂಡು ಸಾಕು. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಕೈಗೆ ಆಜ್ಞೆ ಕೊಡುವುದಕ್ಕೇ ಸುಮಾರು 0.2 ಸೆಕೆಂಡು ಬೇಕು. ಉಳಿಯುವ ಅತ್ಯಲ್ಪ ಕಾಲದಲ್ಲಿ ಪಕ್ಕದಲ್ಲೇ ಕುಳಿತ ತಾಯಿಯೂ ಕೈ ಚಾಚಿ ಹಿಡಿಯುವುದು ದುಸ್ತರ. ಇನ್ನು ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿರುವುದನ್ನು ಇಳಿಸಲು ಹೋದವಳ ಮಾತೇನು?

ಮಗುವಿನ ದೇಹರಚನೆಯನ್ನೂ ಗಮನಿಸಿ. ನವಜಾತ ಶಿಶುವಿನ ತಲೆಯು ಒಟ್ಟು ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ; ವಯಸ್ಕರಲ್ಲಿ ಅದು ಎಂಟನೆಯ ಒಂದು ಭಾಗದಷ್ಟು. ನಡೆಯಲು ಕಲಿಯುವ ವಯಸ್ಸಿನಲ್ಲಿಯೂ ಭಾರವೆಲ್ಲ ಮೇಲೆಯೇ ಇರುವುದರಿಂದ ಮಗು ತಲೆ ಮುಂದಾಗಿ ಬೀಳುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಆಟವಾಡುವಾಗ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತಿದ್ದರು. ಬೀಳದೆ ನಡೆಯಲು ಕಲಿತ ಮಗು ಭೂಮಿಯ ಮೇಲಿಲ್ಲ. ಗಂಟೆಗೆ ಹದಿನೇಳು ಸಲ ಬೀಳುವ ಜೀವಿಯನ್ನು ಒಂದು ಸಲವೂ ಬೀಳದಂತೆ ಕಾಯಬೇಕೆಂದು ಒಬ್ಬ ಹೆಣ್ಣುಮಗಳಿಗೆ ಆಜ್ಞಾಪಿಸುವುದು ಯಾವ ನ್ಯಾಯ?

ಬೈಗುಳದಿಂದ ಅಪಾಯ ಹೇಗೆಂದು ಕೇಳುವವರಿಗೆ ನಮ್ಮ ಬೀದಿಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಪ್ರಸಂಗವನ್ನು ಹೇಳುತ್ತೇನೆ. ಹದಿನಾಲ್ಕು ತಿಂಗಳ ಕೂಸು ಮಧ್ಯಾಹ್ನ ಮೆಟ್ಟಿಲಿನಿಂದ ಉರುಳಿತು. ಹಿರಿಯರು ದೇವಸ್ಥಾನಕ್ಕೆ ಹೋಗಿದ್ದರು. ಸೊಸೆ ಮಗುವನ್ನು ಎತ್ತಿಕೊಂಡು ಸಮಾಧಾನಪಡಿಸಿ, ಮುಖ ತೊಳೆಸಿ ಮಲಗಿಸಿದಳು, ಯಾರಿಗೂ ಹೇಳಲಿಲ್ಲ. ಸಂಜೆ ಮಗು ವಾಂತಿ ಮಾಡಿಕೊಂಡಿತು. ಅಜೀರ್ಣವಿರಬೇಕೆಂದು ಮನೆಯವರು ಓಮದ ನೀರು ಕುಡಿಸಿದರು. ಮೂರನೆಯ ವಾಂತಿಯಾದಾಗ ಆಕೆ ಅಳುತ್ತ ನಿಜವನ್ನು ಹೇಳಿದಳು. ಆಸ್ಪತ್ರೆಯಲ್ಲಿ ವೈದ್ಯರು "ಎಷ್ಟು ಹೊತ್ತಿಗೆ ಬಿತ್ತು?" ಎಂದು ಕೇಳಿದರೆ, ಆಕೆ ಉತ್ತರಿಸುವ ಮೊದಲು ಅತ್ತೆಯ ಮುಖ ನೋಡಿದಳು. ದೇವರ ದಯೆಯಿಂದ ಮಗು ಒಂದು ರಾತ್ರಿ ಅಲ್ಲಿದ್ದು ಕ್ಷೇಮವಾಗಿ ಮನೆಗೆ ಬಂದಿತು. ನಂತರ ಆಕೆ ನನ್ನ ಹೆಂಡತಿಯೊಡನೆ ಅಂದ ಮಾತು ಇಷ್ಟೇ: "ಹೇಳಿದ್ರೆ ಬೈತಾರೆ ಅಂತ ಸುಮ್ಮನಿದ್ದೆ ಅಮ್ಮ. ಏನೂ ಆಗಿರಲ್ಲ ಅಂದ್ಕೊಂಡೆ."

ಶಿಕ್ಷಕನಾದವನಿಗೆ ಇದು ಹೊಸ ವಿಷಯವಲ್ಲ. ಪ್ರಯೋಗಾಲಯದಲ್ಲಿ ಬೀಕರ್ ಒಡೆದವನಿಗೆ ಬೆತ್ತದ ರುಚಿ ತೋರಿಸುವ ಶಾಲೆಯಲ್ಲಿ ಗಾಜಿನ ಚೂರುಗಳು ಕಪಾಟಿನ ಹಿಂದೆ ಸಿಗುತ್ತವೆ, ಮರುದಿನ ಇನ್ನಾವುದೋ ಹುಡುಗನ ಕಾಲಿಗೆ ಚುಚ್ಚುತ್ತವೆ. ಶಿಕ್ಷೆಯ ಭಯವಿದ್ದಲ್ಲಿ ಸತ್ಯ ತಡವಾಗಿ ಬರುತ್ತದೆ. ತಲೆಗೆ ಪೆಟ್ಟಾದ ಮಗುವಿನ ವಿಷಯದಲ್ಲಿ ತಡವಾದ ಸತ್ಯಕ್ಕೆ ತೆರಬೇಕಾದ ಬೆಲೆ ಏನೆಂದು ಊಹಿಸಿಕೊಳ್ಳಿ.

"ನಾವು ಆರೇಳು ಮಕ್ಕಳನ್ನು ಸಾಕಲಿಲ್ಲವೇ? ನಮ್ಮ ಮಕ್ಕಳು ಬೀಳಲಿಲ್ಲವೇ? ಏನಾಯಿತು?" ಎಂದು ನನ್ನ ವಯಸ್ಸಿನವರು ಹೇಳುವುದುಂಟು. ಇದು ಬದುಕುಳಿದವರು ಮಾತ್ರ ಹೇಳಬಲ್ಲ ಕಥೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. ಅವೆಲ್ಲವೂ ಬಿದ್ದು ಸತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಆ ಕಾಲವನ್ನು ಸುರಕ್ಷಿತ ಕಾಲವೆಂದು ಬಣ್ಣಿಸುವುದು ಸರಿಯಲ್ಲ. ಅಲ್ಲದೆ ಅಂದು ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ದೊಡ್ಡ ಮಕ್ಕಳು ಎಂದು ಹತ್ತು ಕೈಗಳಿದ್ದವು. ಇಂದು ಎರಡು ಕೈಗಳಿವೆ. ಅವೇ ಕೈಗಳು ಅನ್ನ ಬೇಯಿಸಬೇಕು, ಕಚೇರಿಯ ಕೆಲಸವನ್ನೂ ಮಾಡಬೇಕು.

ವಿಚಾರಣೆಯ ಜೊತೆಜೊತೆಗೇ ಮನೆಮದ್ದುಗಳ ಮೆರವಣಿಗೆ ಹೊರಡುತ್ತದೆ. ಒಬ್ಬರು ಗಾಯಕ್ಕೆ ಕಾಫಿಪುಡಿ ಮೆತ್ತುತ್ತಾರೆ, ಇನ್ನೊಬ್ಬರು ಊದಿದ ಜಾಗವನ್ನು ಬಲವಾಗಿ ತಿಕ್ಕುತ್ತಾರೆ, ಮತ್ತೊಬ್ಬರು ಮಂಕಾದ ಮಗುವಿನ ಬಾಯಿಗೆ ನೀರು ಸುರಿಯುತ್ತಾರೆ, ಮಗದೊಬ್ಬರು ಭುಜ ಹಿಡಿದು ಅಲುಗಾಡಿಸುತ್ತಾರೆ. ಪುಡಿ ಗಾಯವನ್ನು ಕೊಳೆಯಾಗಿಸುತ್ತದೆ. ಪೂರ್ಣ ಎಚ್ಚರವಿಲ್ಲದ ಮಗುವಿಗೆ ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಅಲುಗಾಡಿಸುವುದು ಮಿದುಳಿಗೇ ಅಪಾಯ. ದೃಷ್ಟಿ ತೆಗೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ವೈದ್ಯರ ಬಳಿಗೆ ಹೋಗಿಬಂದ ನಂತರ ನಿಧಾನವಾಗಿ ತೆಗೆಯಿರಿ.

ಮಾಡಬೇಕಾದದ್ದು ಬಹಳ ಸರಳ. ಮಗು ತಕ್ಷಣ ಜೋರಾಗಿ ಅತ್ತು, ಎತ್ತಿಕೊಂಡಾಗ ಸಮಾಧಾನಗೊಂಡು, ಎಂದಿನಂತೆ ಆಟಕ್ಕೆ ಮರಳಿದರೆ ಅದು ಶುಭಲಕ್ಷಣ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಊತಕ್ಕೆ ತಣ್ಣೀರಿನ ಬಟ್ಟೆ ಇಡಬೇಕು. ನಿದ್ದೆಯ ಹೊತ್ತಾಗಿದ್ದರೆ ಮಲಗಲು ಬಿಡಬಹುದು. ನಡುನಡುವೆ ಉಸಿರಾಟ ಸಹಜವಾಗಿದೆಯೇ, ಎಬ್ಬಿಸಿದರೆ ಏಳುತ್ತದೆಯೇ ಎಂದು ನೋಡುತ್ತಿರಬೇಕು. ಪ್ರಜ್ಞೆ ತಪ್ಪಿದರೆ, ಮತ್ತೆಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ತಿಳಿನೀರೋ ಸೋರಿದರೆ, ಕಣ್ಣಿನ ಪಾಪೆಗಳು ಸಮವಾಗಿಲ್ಲದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಸಮಾಧಾನವೇ ಆಗದೆ ಅಳುತ್ತಿದ್ದರೆ ಕ್ಷಣವೂ ತಡಮಾಡಬಾರದು. ಎರಡು ವರ್ಷದೊಳಗಿನ ಮಗುವಿಗೆ ಹಣೆ ಬಿಟ್ಟು ತಲೆಯ ಹಿಂಭಾಗದಲ್ಲೋ ಪಕ್ಕದಲ್ಲೋ ಊತ ಬಂದಿದ್ದರೂ, ಮೂರಡಿಗಿಂತ ಎತ್ತರದಿಂದ ಬಿದ್ದಿದ್ದರೂ ವೈದ್ಯರಿಗೆ ತೋರಿಸಲೇಬೇಕು. 108ರ ಆಂಬ್ಯುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದಲೂ ಇದೆ.

ಅಲ್ಲಿ ಹೋದ ಮೇಲೆ ಇನ್ನೊಂದು ಅತಿರೇಕ ಕಾಣುತ್ತದೆ: "ಸ್ಕ್ಯಾನ್ ಮಾಡಿಸಲೇಬೇಕು" ಎಂದು ವೈದ್ಯರೊಡನೆ ಜಗಳ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತಲೆಗೆ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ, ಬಹುಮಟ್ಟಿಗೆ ಎಚ್ಚರದಿಂದಿದ್ದ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿತು. ಅವರಲ್ಲಿ ಗಂಭೀರ ಮಿದುಳು ಪೆಟ್ಟು ಆಗಿದ್ದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಿಗೆ. ಸಿ.ಟಿ. ಸ್ಕ್ಯಾನ್ ಎಂದರೆ ವಿಕಿರಣ. ಎಳೆಯ ದೇಹಕ್ಕೆ ಅದು ಅನಗತ್ಯವಾಗಿ ತಗಲಬಾರದು. ಯಾವ ಮಗುವಿಗೆ ಸ್ಕ್ಯಾನ್ ಬೇಕು, ಯಾವ ಮಗುವನ್ನು ಕೆಲವು ಗಂಟೆ ಕಣ್ಣೆದುರಿಗೆ ಇಟ್ಟುಕೊಂಡರೆ ಸಾಕು ಎಂಬುದನ್ನು ನಿರ್ಧರಿಸಲು ವೈದ್ಯರಿಗೆ ಬೇಕಾದದ್ದು ಎಷ್ಟು ಎತ್ತರದಿಂದ, ಯಾವಾಗ, ಹೇಗೆ ಬಿತ್ತು, ಆಮೇಲೆ ಹೇಗಿದೆ ಎಂಬ ನಿಜವಾದ ವರದಿ. ಅದನ್ನು ಕೊಡಬಲ್ಲವಳು ಸಾಮಾನ್ಯವಾಗಿ ತಾಯಿಯೊಬ್ಬಳೇ. ಅಂಥ ಏಕೈಕ ಸಾಕ್ಷಿಯನ್ನು ನಾವು ಮನೆಯಲ್ಲಿಯೇ ಆರೋಪಿಯನ್ನಾಗಿ ಮಾಡಿ, ಬಾಯಿ ಮುಚ್ಚಿಸಿ ಕರೆದೊಯ್ಯುತ್ತೇವೆ!

ಮಗು ಬಿದ್ದು ಅತ್ತಾಗ "ನೆಲಕ್ಕೆ ಹೊಡೆಯೋಣ ಬಾ" ಎಂದು ನೆಲವನ್ನು ತಟ್ಟಿ ಸಮಾಧಾನಪಡಿಸುವುದು ನಮ್ಮಲ್ಲಿ ರೂಢಿ. ಯೋಚಿಸಿ ನೋಡಿದರೆ ಆ ಆಟದಲ್ಲಿ ನಮ್ಮ ವಿಚಾರಣೆಗಿಂತ ಹೆಚ್ಚು ವಿವೇಕವಿದೆ. ತಪ್ಪು ಎಷ್ಟೋ ಸಲ ನೆಲದ್ದೇ. ಕನ್ನಡಿಯಂತೆ ಹೊಳೆಯುವ ಟೈಲ್ಸ್ ಹಾಕಿಸಿ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಗೆಯೇ ಬಿಡುವವರು ನಾವು. ಮೆಟ್ಟಿಲಿಗೆ ಗೇಟು ಹಾಕಿಸಲು ಹಣವಿಲ್ಲ, ಮುಂಬಾಗಿಲಿನ ಕೆತ್ತನೆಗೆ ಹಣವಿದೆ. ಬಾಲ್ಕನಿಗೆ ಅಡ್ಡ ಸರಳುಗಳನ್ನು ಹಾಕಿಸಿ ಮಗುವಿಗೆ ಏಣಿಯನ್ನು ನಾವೇ ಒದಗಿಸುತ್ತೇವೆ. ಪ್ರೀತಿಯಿಂದ ವಾಕರ್ ತಂದುಕೊಡುತ್ತೇವೆ. ಅದರಲ್ಲಿ ಕೂತ ಮಗು ಒಂದು ಸೆಕೆಂಡಿನಲ್ಲಿ ಮೂರಡಿಗೂ ಹೆಚ್ಚು ದೂರ ಸಾಗಬಲ್ಲದು. ಕೆನಡಾ ದೇಶವು 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು. ನ್ಯೂಯಾರ್ಕ್ ನಗರವು 1976ರಲ್ಲಿ, ಹತ್ತು ವರ್ಷದೊಳಗಿನ ಮಕ್ಕಳಿರುವ ಅಪಾರ್ಟ್‌ಮೆಂಟುಗಳ ಕಿಟಕಿಗಳಿಗೆ ತಡೆ ಹಾಕಿಸುವುದನ್ನು ಮಾಲೀಕರಿಗೆ ಕಡ್ಡಾಯ ಮಾಡಿತು. ಎರಡೂ ಕಡೆ ತಾಯಂದಿರಿಗೆ ಉಪದೇಶ ಮಾಡಿ ಸುಮ್ಮನಾಗದೆ, ಬೀಳಿಸುವ ವಸ್ತುವಿನ ಮೇಲೆ, ಬೀಳುವ ಜಾಗದ ಮೇಲೆ ಕೈಯಿಟ್ಟರು.

ಹಾಗಾದರೆ ತಾಯಿಗೆ ಹೊಣೆಯೇ ಇಲ್ಲವೇ ಎಂದು ಕೆಲವರು ಕೇಳಬಹುದು. ಖಂಡಿತ ಇದೆ. ತಂದೆಗೂ ಇದೆ, ಅಜ್ಜನಿಗೂ ಇದೆ, ಮನೆ ಕಟ್ಟಿಸಿದವರಿಗೂ ಇದೆ. ಆದರೆ ಆ ಹೊಣೆಯ ಕಾಲ ಮಗು ಬೀಳುವುದಕ್ಕೆ ಮುಂಚಿನದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಬಿದ್ದ ಮೇಲೆ ಗದರಿ ಹೊಣೆ ತೀರಿಸಲಾಗದು. ನಿಜವಾದ ನಿರ್ಲಕ್ಷ್ಯವೂ ಹಿಂಸೆಯೂ ಕೆಲವು ಮನೆಗಳಲ್ಲಿ ಇರಬಹುದು. ಅದನ್ನು ಗುರುತಿಸುವುದು ಮಗುವನ್ನು ಪರೀಕ್ಷಿಸಿದ ವೈದ್ಯರ ಕೆಲಸ. ಸೋಫಾದ ಮೇಲೆ ಕುಳಿತ ನೆಂಟರದ್ದಲ್ಲ.

ನನ್ನ ಓರಗೆಯ ಅಜ್ಜ ಅಜ್ಜಿಯರಲ್ಲಿ ಒಂದು ವಿನಂತಿ. ಮೊಮ್ಮಗು ಮನೆಗೆ ಬರುವ ಮುನ್ನಾದಿನ, ಮಂಡಿನೋವು ಅನುಮತಿಸಿದಷ್ಟು, ನೆಲದ ಮೇಲೆ ಕುಳಿತು ಎರಡಡಿ ಎತ್ತರದಿಂದ ನಿಮ್ಮ ಮನೆಯನ್ನೊಮ್ಮೆ ನೋಡಿರಿ. ಟೀಪಾಯಿಯ ಚೂಪಾದ ಮೂಲೆ, ಜೋಲಾಡುವ ಮೇಜುಬಟ್ಟೆ, ಕಿಟಕಿಯ ಕೆಳಗಿಟ್ಟ ಕುರ್ಚಿ, ಬಾಗಿಲಿಲ್ಲದ ಮೆಟ್ಟಿಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಸರಿಪಡಿಸುವುದನ್ನು ಸರಿಪಡಿಸಿ. ಅಷ್ಟಾದರೂ ಮಗು ಬೀಳುತ್ತದೆ. ಆಗ ಸೊಸೆಗೋ ಮಗಳಿಗೋ ನೀವು ಹೇಳಬೇಕಾದ ಮೊದಲ ಮಾತು ಹೀಗಿರಲಿ: "ಹೆದರಬೇಡಮ್ಮ, ಹೇಗೆ ಬಿತ್ತು ಹೇಳು. ನಾನು ಜೊತೆಗೆ ಬರುತ್ತೇನೆ."